ಹಾವಿಗೆ ಹುಬ್ಬಿಲ್ಲ

ಹಾವಿಗೆ ಹುಬ್ಬಿಲ್ಲ, ರೆಪ್ಪೆಯೂ ಇಲ್ಲ, ಅದು ಕಣ್ಣು ತೆರೆದುಕೊಂಡೇ ಮಲಗುತ್ತದೆ ಎಂದು ತಿಳಿಯುವಷ್ಟರಲ್ಲಿ ನನಗೆ ನಲವತ್ತು ತುಂಬಿತ್ತು. ಅಷ್ಟು ಹೊತ್ತಿಗೆ ನಮ್ಮ ಮನೆಯಿಂದ ಹುಬ್ಬು ತಿದ್ದಿಸಿಕೊಂಡ ನಾಗಪ್ಪಗಳು ಎಷ್ಟು ಊರಿಗೆ ಹೋಗಿದ್ದವೋ ನಾನರಿಯೆ. ಒಂದಾದರೂ ವಾಪಸು ಬಂದು ತಕರಾರು ತೆಗೆದಿರಲಿಲ್ಲ.

ನಮ್ಮದು ಕಿನ್ನಾಳದ ಮರದ ಗೊಂಬೆಯ ಮನೆ. ಮಾವನವರೂ ನನ್ನ ಗಂಡನೂ ಹಗುರ ಮರದಲ್ಲಿ ಕೈ, ಕಾಲು, ತಲೆ ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಆಮೇಲಿನದು ಹೆಂಗಸರ ಕೆಲಸ. ಹುಣಸೆಬೀಜ ನೆನೆಹಾಕಿ ರುಬ್ಬಿ ಅಂಟು ಕಾಯಿಸಬೇಕು, ಸಂದುಗಳಿಗೆ ಬಟ್ಟೆಯ ಚೂರು ಅಂಟಿಸಬೇಕು, ಬಿಳಿ ಲೇಪ ಕೊಟ್ಟು ಉಜ್ಜಬೇಕು, ಮೈಬಣ್ಣ ಹಚ್ಚಬೇಕು. ಅತ್ತೆ ಹೋದ ಮೇಲೆ ಅದಷ್ಟೂ ನನ್ನ ಪಾಲಿಗೆ ಬಂತು. ಇಷ್ಟೆಲ್ಲ ಮಾಡಿದರೂ ಗೊಂಬೆ ಕುರುಡೇ. ಕೊನೆಗೆ ಮಾವನವರು ಕಿಟಕಿಯ ಬೆಳಕಿಗೆ ಕೂತು ತೆಳ್ಳನೆಯ ಕುಂಚದಿಂದ ಕಣ್ಣು ಬರೆಯುತ್ತಾರೆ. ಅಲ್ಲಿಯತನಕ ಅದು ಕಟ್ಟಿಗೆ. ಕಣ್ಣು ಬಂದ ಮೇಲೆ ಮನೆಯವರೆಲ್ಲ ಅದಕ್ಕೆ ಕೈಮುಗಿಯುತ್ತೇವೆ.

ಆ ಕಣ್ಣು ಬರೆಯುವ ಕೆಲಸ ನನಗೆ ಬೇಕಿತ್ತು. ಮದುವೆಯಾಗಿ ಬಂದ ವರ್ಷದಿಂದಲೂ ಬೇಕಿತ್ತು. ಮಾವನವರು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮೇಲಿನ ಗೆರೆ ಒಂದೇ ಎಳೆತ, ಕೆಳಗಿನದು ಸ್ವಲ್ಪ ತಡೆದು, ಆಮೇಲೆ ಉಸಿರು ಹಿಡಿದು ಪಾಪೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಹಿಟ್ಟಿನ ಮೇಲೆ ಬೆರಳಿನಿಂದ ನಾನೂ ಬರೆಯುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಮಾವಾರ, ಒಂದ ಗಿಳಿಗೆ ನಾ ಕಣ್ಣ ಬರೀಲೇನ್ರಿ?"

"ನಮ್ಮ ಮನ್ಯಾಗ ಹೆಣ್ಮಕ್ಕಳು ಕಣ್ಣ ಬರದಿಲ್ಲವ್ವ," ಎಂದರು.

"ಯಾಕ್ರಿ?"

"ಯಾಕಂತ ನಮ್ಮಪ್ಪ ಹೇಳಿಲ್ಲ."

ಅವರ ಅಪ್ಪ ಹೇಳದೆ ಹೋದದ್ದಕ್ಕೆ ನಾನೇನು ಮಾಡಲಿ! ಆ ದಿನ ಅಂಟಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಮಾವನವರು ಕೆಟ್ಟವರಲ್ಲ. ನಾನು ಉಣ್ಣದೆ ಅವರು ಉಣ್ಣುವುದಿಲ್ಲ, ನನಗೆ ಜ್ವರ ಬಂದರೆ ಕೊಪ್ಪಳದ ದವಾಖಾನೆಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಅವರ ಕೈಯೂ ಇಂದಿಗೂ ನಡುಗುವುದಿಲ್ಲ. ಹಾಗಾಗಿ ಕೈ ಸೋತ ಮೇಲೆ ಕೆಲಸ ನನಗೆ ಬರುತ್ತದೆ ಎಂದು ಕಾಯುವ ಹಾಗೂ ಇರಲಿಲ್ಲ. ಕಾಯಬಾರದು ಕೂಡ, ಅದು ಕೆಟ್ಟ ಆಸೆ. ಹೀಗೆ ಹದಿನೆಂಟು ವರ್ಷ ಕಳೆದವು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಕುಷ್ಟಗಿ ಕಡೆಯ ಒಂದು ಸರ್ಕಾರಿ ಶಾಲೆಯ ವಿಜ್ಞಾನದ ಟೀಚರೊಬ್ಬರು ನಮ್ಮ ಮನೆಗೆ ಬಂದರು. ನಮ್ಮಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತೇವೆ. ಗಂಗಾವತಿಯ ಹೆಣ್ಣುಮಗಳು, ಮಾತು ಚುರುಕು. ಪ್ರಾಣಿಗಳ ವಿಂಗಡಣೆಯ ಪಾಠವನ್ನು ಮಕ್ಕಳು ಚಿತ್ರ ನೋಡಿ ಬಾಯಿಪಾಠ ಮಾಡುತ್ತಾರೆ, ಮರುದಿನ ಮರೆಯುತ್ತಾರೆ, ಕೈಯಲ್ಲಿ ಹಿಡಿದು ಗುಂಪು ಮಾಡಲು ಮರದ ಪ್ರಾಣಿಗಳು ಬೇಕು ಎಂದರು. ಇಪ್ಪತ್ತೈದು ಹೆಸರಿನ ಪಟ್ಟಿ ಕೊಟ್ಟು, ಮುಂಗಡ ಇಟ್ಟು ಹೋದರು.

ಪಟ್ಟಿ ನೋಡಿದ ಕೂಡಲೆ ನಾನು ಮಾಡಿದ ಕೆಲಸವನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ. ನಮ್ಮ ಮನೆಯ ಹಲಗೆಯ ಮೇಲೆ ಪ್ರಾಣಿಗಳನ್ನು ಇಡುವುದಕ್ಕೆ ಒಂದು ಕ್ರಮವಿದೆ. ಯಾವ ದೇವರು ಯಾವುದನ್ನು ಏರಿ ಬರುತ್ತಾನೋ ಆ ದೇವರ ಪಾಲಿಗೆ ಅದು. ಇಲಿ ಗಣಪ್ಪನದು, ಎತ್ತೂ ಹಾವೂ ಶಿವನವು, ಸಿಂಹ ಅಮ್ಮನದು, ಕೋಣ ಯಮನದು, ಕಾಗೆ ಶನಿದೇವರದು, ಮೊಸಳೆ ಗಂಗವ್ವನದು. ಹಾಗೆಯೇ ಅಕ್ಕೋರ ಪಟ್ಟಿಯನ್ನೂ ಹಂಚಿದೆ. ಮೀನು, ಆಮೆಗಳನ್ನು ಅವತಾರದ ಲೆಕ್ಕದಲ್ಲಿ ವಿಷ್ಣುವಿಗೆ ಸೇರಿಸಿದೆ. ಕಪ್ಪೆ, ಹಲ್ಲಿ, ಬಾವಲಿ, ಜೇಡ, ಚೇಳು, ಎರೆಹುಳು ಇವನ್ನು ಯಾವ ದೇವರೂ ಹತ್ತಿರ ಸೇರಿಸಿಕೊಳ್ಳಲಿಲ್ಲ. ಅವು ಕೆಳಗಿನ ಹಲಗೆಗೆ ಹೋದವು. ಪಾಪ ಎನಿಸಿ ಅವಕ್ಕೆ ಒಂದು ಸುತ್ತು ಹೆಚ್ಚು ಬಣ್ಣ ಹಚ್ಚಿದೆ.

ತಿಂಗಳೊಪ್ಪತ್ತಿನಲ್ಲಿ ಇಪ್ಪತ್ತೈದೂ ತಯಾರಾದವು. ಮಾವನವರು ಕಣ್ಣು ಬರೆದರು. ಅಕ್ಕೋರು ಬಂದು ಒಂದೊಂದನ್ನೇ ಎತ್ತಿ ನೋಡಿದರು. ಕಪ್ಪೆಗೆ ಎರಡು ಚಂದದ ಕಿವಿ. ಹಾವಿಗೆ ಬಿಲ್ಲಿನ ಹಾಗೆ ಹುಬ್ಬು, ಉದ್ದುದ್ದ ರೆಪ್ಪೆಗೂದಲು. ಬಾವಲಿಗೆ ನವಿಲಿನ ಹಾಗೆ ಸಾಲು ಗರಿ. ಜೇಡಕ್ಕೆ ಆರು ಕಾಲು. ಆಡು, ಬೆಕ್ಕು, ಮೀನು, ಕೋಳಿ ಎಲ್ಲಕ್ಕೂ ಮದುಮಗಳ ಕಣ್ಣು. ಅಕ್ಕೋರು ಬಾಯಿಗೆ ಸೆರಗು ಹಿಡಿದರು. ಆದರೂ ನಗು ಹೊರಗೆ ಬಂತು.

ಮಾವನವರ ಮುಖ ಕೆಂಪಾಯಿತು.

"ಯಾಕ್ರಿ ಅಕ್ಕೋರ, ಏನ್ ತಪ್ಪಾತು?"

"ತಪ್ಪಂತಲ್ರಿ ಅಜ್ಜಾರ. ಭಾಳ ಚಂದ ಅದಾವ. ಆದ್ರ ಹಾವಿಗೆ ರೆಪ್ಪಿ ಇರಂಗಿಲ್ರಿ. ಕಪ್ಪಿಗೆ ಹೊರಗಿನ ಕಿವಿ ಇಲ್ರಿ."

"ರೆಪ್ಪಿ ಇಲ್ಲದ್ದು ನಿದ್ದಿ ಹೆಂಗ ಮಾಡ್ತೈತಿ?"

"ಕಣ್ ತಕ್ಕೊಂಡ ಮಲಗ್ತೈತ್ರಿ."

"ನಮ್ಮಜ್ಜನ ಕಾಲದಿಂದ ನಮ್ಮ ಹಾವಿಗೆ ಹುಬ್ಬು ಐತ್ರಿ," ಎಂದು ಮಾವನವರು ಎದ್ದು ನಿಂತರು. "ನಿಮ್ಮ ಪುಸ್ತಕದಾಗಿಂದು ನಮಗ ಬ್ಯಾಡ. ಬೇಕಂದ್ರ ತಗೋರಿ, ಬ್ಯಾಡಂದ್ರ ಇಡ್ರಿ."

ಅವರು ಹಿತ್ತಲಿಗೆ ನಡೆದರು. ಅಕ್ಕೋರ ಕಣ್ಣಲ್ಲಿ ನೀರು ಬಂತು. ಅವಮಾನ ಮಾಡಲು ಬಂದವರಲ್ಲ ಅವರು. ನನಗೆ ಮೊದಲು ಅವರ ಮೇಲೆಯೇ ಸಿಟ್ಟು ಬಂದಿತ್ತು, ನನ್ನ ಮನೆಯ ಕೆಲಸ ನೋಡಿ ನಕ್ಕರಲ್ಲ ಎಂದು. ಅಳು ನೋಡಿದ ಮೇಲೆ ಸಿಟ್ಟು ಇಳಿಯಿತು. ಚಹಾ ಮಾಡಿಕೊಟ್ಟು, "ಅಜ್ಜಾರು ಹಂಗ ಅದಾರ್ರಿ, ನೀವು ನನಗ ಹೇಳ್ರಿ, ಏನೇನ್ ತಪ್ಪೈತಿ," ಎಂದೆ.

ನನ್ನ ಕಲಿಕೆ ನಡೆದದ್ದು ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ, ನಾಲ್ಕೈದು ಭಾನುವಾರ. ಅಕ್ಕೋರು ನನ್ನ ದೇವರುಗಳ ಹಲಗೆಯನ್ನು ನೋಡಿ ಈ ಸಲ ನಗಲಿಲ್ಲ. ಇದೂ ವಿಂಗಡಣೆಯೇ, ಆದರೆ ಪ್ರಾಣಿಯನ್ನು ಕೇಳದೆ ಮಾಡಿದ್ದು ಎಂದರು. ಹಾಗಾದರೆ ಪ್ರಾಣಿಯನ್ನು ಏನೆಂದು ಕೇಳಬೇಕು? ಮೊದಲ ಪ್ರಶ್ನೆ, ನಿನಗೆ ಬೆನ್ನೆಲುಬು ಇದೆಯೇ? ನನ್ನ ಇಪ್ಪತ್ತೈದು ಅಷ್ಟಕ್ಕೇ ಎರಡು ಪಾಲಾದವು. ಜೇಡ, ಚೇಳು, ಎರೆಹುಳು, ಚಿಟ್ಟೆ, ಬಸವನಹುಳು ಒಂದು ಕಡೆ. ಉಳಿದವು ಇನ್ನೊಂದು ಕಡೆ. ಬೆನ್ನೆಲುಬು ಇದ್ದವನ್ನು ಮತ್ತೆ ಕೇಳಬೇಕು. ಗರಿ ಇದೆಯೇ? ಹಕ್ಕಿ. ನೀರಲ್ಲೇ ಇದ್ದು ಕಿವಿರಿನಿಂದ ಉಸಿರಾಡುತ್ತೀಯಾ? ಮೀನು. ಒಣ ಮೈ, ಹುರುಪೆಯ ಚರ್ಮವೇ? ಹಾವು, ಹಲ್ಲಿ, ಮೊಸಳೆ, ಆಮೆ. ಹಸಿ ಮೈ, ಮರಿಯಿದ್ದಾಗ ನೀರಿನಲ್ಲಿ, ದೊಡ್ಡದಾದ ಮೇಲೆ ದಂಡೆಯಲ್ಲಿ? ಕಪ್ಪೆ. ಮೈಮೇಲೆ ಕೂದಲು, ಮರಿಗೆ ಮೊಲೆಹಾಲು? ಅವೆಲ್ಲ ಒಂದು.

ಬಾವಲಿಯ ಹತ್ತಿರ ನಾನು ಪಟ್ಟು ಹಿಡಿದೆ. ಹಾರುತ್ತದೆ, ಹಕ್ಕಿ. ಅಕ್ಕೋರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಬಾವಲಿಯ ಎದೆಗೆ ಒಂದು ಪುಟ್ಟ ಮರಿ ಕಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ನಾನು ಎರಡು ಹೆತ್ತವಳು. ಅದನ್ನು ನೋಡಿದ ಮೇಲೆ ವಾದ ಮಾಡಲು ಮನಸ್ಸಾಗಲಿಲ್ಲ. ಬಾವಲಿಯನ್ನು ನಾನೇ ಎತ್ತಿ ಆಕಳ ಪಕ್ಕದಲ್ಲಿಟ್ಟೆ.

ಹೆಸರಿಡುವ ರೀತಿ ನನಗೆ ಇನ್ನೂ ಹಿಡಿಸಿತು. ಒಂದು ಪ್ರಾಣಿಗೆ ಊರೂರಿಗೆ ಒಂದು ಹೆಸರು. ಓತಿಕ್ಯಾತಕ್ಕೆ ನನ್ನ ತವರು ಬೇವೂರಿನಲ್ಲಿ ಒಂದು ಹೆಸರು, ಗಂಗಾವತಿಯ ಕಾಲುವೆ ಕಡೆ ತೆಲುಗಿನಲ್ಲಿ ಇನ್ನೊಂದು. ಅದಕ್ಕಾಗಿ ಲೋಕದವರೆಲ್ಲ ಸೇರಿ ಪ್ರತಿಯೊಂದಕ್ಕೂ ಎರಡು ಪದದ ಹೆಸರು ಇಟ್ಟುಕೊಂಡಿದ್ದಾರಂತೆ. ಹುಲಿ ಪ್ಯಾಂಥೆರಾ ಟೈಗ್ರಿಸ್, ಸಿಂಹ ಪ್ಯಾಂಥೆರಾ ಲಿಯೋ.

"ಪ್ಯಾಂಥೆರಾ ಅನ್ನೂದು ಅಡ್ಡಹೆಸರ ಇದ್ದಂಗ್ರಿ," ಎಂದರು ಅಕ್ಕೋರು. "ನಮ್ಮಲ್ಲಿ ಅಡ್ಡಹೆಸರು ಹಿಂದ ಬರ್ತೈತಿ, ಅವಕ್ಕ ಮುಂದ."

"ಅಂದ್ರ ಹುಲಿ ಸಿಂಹ ಅಣ್ತಮ್ಮರು. ಬೆಕ್ಕು?"

"ಬೆಕ್ಕಿಂದು ಬ್ಯಾರೆ ಅಡ್ಡಹೆಸರ್ರಿ. ದೊಡ್ಡ ಮನೆತನ ಒಂದ."

ಅಂದರೆ ಭಾಗ ಆದ ಮನೆ. ಅದು ನಮಗೆ ಹೊಸದಲ್ಲ, ಓಣಿಗೆ ನಾಲ್ಕಿವೆ. ಆ ರಾತ್ರಿ ಊಟಕ್ಕೆ ಬಡಿಸುತ್ತ ನನ್ನ ಗಂಡನಿಗೆ ಇದನ್ನೆಲ್ಲ ಹೇಳಿದೆ. ಅವರು ಬೆಕ್ಕಿನ ಕಡೆ ನೋಡಿ, "ಅದಕ್ಕ ಇಷ್ಟ ಸೊಕ್ಕು, ಹುಲಿ ಕಡಿ ಸಂಬಂಧ," ಎಂದರು. ಮಾವನವರು ತಲೆ ಎತ್ತದೆ ಉಂಡರು. ಆದರೆ ಬಾವಲಿಯ ಮಾತು ಬಂದಾಗ ಅವರ ತುತ್ತು ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ.

ಕಲಿತ ಮೇಲೆ ಸುಮ್ಮನೆ ಕೂಡುವುದು ಆಗಲಿಲ್ಲ. ಕಂಡಕಂಡ ಪ್ರಾಣಿಯ ಮುಖ ನೋಡುವ ಚಟ ಹತ್ತಿತು. ನಮ್ಮ ಗೋಡೆಯ ಹಲ್ಲಿ ತನ್ನ ನಾಲಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ, ಅದಕ್ಕೂ ಮುಚ್ಚುವ ರೆಪ್ಪೆ ಇಲ್ಲ. ಕೋಳಿ ಕಣ್ಣು ಮುಚ್ಚುವಾಗ ಕೆಳಗಿನ ರೆಪ್ಪೆ ಮೇಲೆ ಬರುತ್ತದೆ. ಬೆಕ್ಕಿನ ಪಾಪೆ ಬಿಸಿಲಿಗೆ ನೆಟ್ಟಗೆ ನಿಂತ ಗೆರೆ. ಇವೆಲ್ಲ ನಲವತ್ತು ವರ್ಷದಿಂದ ನನ್ನ ಮುಂದೆಯೇ ಇದ್ದವು. ನೋಡಿದ್ದೆ, ಆದರೆ ಕಂಡಿರಲಿಲ್ಲ.

ಬೇವೂರಿಗೆ ಹೋದಾಗ ಅವ್ವನ ಆಡುಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಚಿಕ್ಕವಳಿದ್ದಾಗ ಅವನ್ನು ಹೊಲದ ಬದುವಿನಲ್ಲಿ ಮೇಯಿಸಿದವಳು ನಾನೇ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಯಾವ ಸೊಪ್ಪಿಗೆ ಯಾವ ಆಡು ಓಡುತ್ತದೆ ಎಂಬುದೂ ನನಗೆ ಗೊತ್ತಿತ್ತು. ಅದರ ಪಾಪೆ ದುಂಡಗಿಲ್ಲ, ಅಡ್ಡ ಮಲಗಿದ ಪಟ್ಟಿ ಎಂಬುದು ಮಾತ್ರ ಗೊತ್ತಿರಲಿಲ್ಲ. ಇಷ್ಟು ದಿನ ಬದುಕಿ ಏನು ನೋಡಿದೆ ನಾನು ಎಂದು ನಾಚಿಕೆಯಾಯಿತು. ಕುರಿಯದೂ ಹಾಗೆಯೇ ಇರುತ್ತದೋ ಎಂದು ನೋಡಲು ತಾವರಗೇರಾ ಸಂತೆಗೆ ಹೋದೆ. ಕೊಳ್ಳುವವರೆಲ್ಲ ಕುರಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು. ನಾನು ಒಂದೊಂದರ ಗದ್ದ ಹಿಡಿದು ಕಣ್ಣು ನೋಡುತ್ತ ಹೋದೆ. ಒಬ್ಬ ಮುದುಕನಿಗೆ ತಡೆಯಲಿಲ್ಲ.

"ಯಕ್ಕಾ, ಹಲ್ಲ ನೋಡ್ರಿ, ವಯಸ್ಸ ತಿಳಿತೈತಿ. ಕಣ್ಣಾಗ ಏನೈತಿ?"

"ಕಣ್ಣಾಗ ಭಾಳ ಐತ್ರಿ ಯಜ್ಜಾ," ಎಂದೆ. ಅವನು ಪಕ್ಕದವನಿಗೆ ಕಣ್ಣು ಹೊಡೆದು ತನ್ನ ತಲೆಯ ಬದಿಗೆ ಬೆರಳು ತಿರುಗಿಸಿ ತೋರಿಸಿದ. ನನಗೇನೂ ಬೇಸರವಾಗಲಿಲ್ಲ. ಕುರಿಯದೂ ಅಡ್ಡ ಪಟ್ಟಿಯೇ.

ಮನೆಯಲ್ಲಿ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಕಪ್ಪೆಯ ಕಿವಿಯನ್ನು ನನ್ನ ಗಂಡ ಕೆತ್ತಿ ತೆಗೆದರು, ಬಾವಲಿಯ ಗರಿಯ ಮೇಲೆ ನಾನು ಬಣ್ಣ ಹೊಡೆದೆ, ಜೇಡಕ್ಕೆ ಇನ್ನೆರಡು ಕಾಲು ಬಂದವು. ಎಲ್ಲದರ ಮುಖಕ್ಕೂ ಮತ್ತೆ ಬಿಳಿ ಲೇಪ ಕೊಟ್ಟು ಮೈಬಣ್ಣ ಹಚ್ಚಿದೆ. ಇಪ್ಪತ್ತೈದೂ ಕುರುಡಾಗಿ ಹಲಗೆಯ ಮೇಲೆ ಕೂತವು. ಮಾವನವರು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಅವರು ಕಣ್ಣು ಬರೆಯುವುದಾದರೆ ಹುಬ್ಬು ಸಮೇತವೇ. ಹುಬ್ಬಿಲ್ಲದೆ ಬರೆಯುವುದಿಲ್ಲ. ಎರಡು ವಾರ ಹಾಗೇ ಹೋಯಿತು. ಅಕ್ಕೋರು ಪಾಠ ಶುರು ಮಾಡುವ ದಿನ ಹತ್ತಿರ ಬಂತು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಅಂಟು ತಿರುವುತ್ತಿದ್ದಾಗ ಮಾವನವರು ನನ್ನ ಮುಖ ನೋಡದೆ ಹೇಳಿದರು.

"ಆ ಸಾಲಿ ಸಾಮಾನಿಗೆ ನೀನ ಕಣ್ಣ ಬರಿ. ಪ್ರಾಣಿಗೋಳ ಕಣ್ಣು ನಿನ್ನ ಕಡಿ. ಅವೇನ್ ದೇವರಲ್ಲ. ಆಟಿಗಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನಗೆ ಖುಷಿಯಾಯಿತು ಎಂದು ಬರೆದರೆ ಅರ್ಧ ಸುಳ್ಳು. ಹದಿನೆಂಟು ವರ್ಷ ಕೇಳಿದ್ದನ್ನು ಅವರು ಕೊಟ್ಟರು, ಆದರೆ ಅದು ಏನೂ ಅಲ್ಲ ಎನ್ನುವ ಹಾಗೆ ಕೊಟ್ಟರು. ದೇವರ ಗೊಂಬೆಗೆ ನಾನು ಇನ್ನೂ ಆಗದವಳೇ. ಒಳಗೆ ಹೋಗಿ ಸ್ವಲ್ಪ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಕಿಟಕಿಯ ಬೆಳಕಿಗೆ ಕೂತೆ, ಏಕೆಂದರೆ ಸಿಟ್ಟು ಬೇರೆ, ಕೆಲಸ ಬೇರೆ.

ಮೊದಲು ಆಡಿನ ಕಣ್ಣು ಬರೆದೆ. ಜೇನಿನ ಬಣ್ಣ, ಅದರ ನಡುವೆ ಅಡ್ಡ ಪಟ್ಟಿ. ಕುಂಚ ಎತ್ತಿದ ಕೂಡಲೆ ಅವ್ವನ ಆಡು ನನ್ನನ್ನು ನೋಡಿತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಬೆಕ್ಕಿಗೆ ನೆಟ್ಟನೆಯ ಗೆರೆ. ಹಾವಿಗೆ ರೆಪ್ಪೆಯಿಲ್ಲದ ದುಂಡು ಕಣ್ಣು, ಮೇಲೊಂದು ಹನಿ ಮೆರುಗು. ಜೇಡದ ವಿಷಯ ಅಕ್ಕೋರು ಆಗಲೇ ಹೇಳಿದ್ದರು, ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣಂತೆ. ಒಂದು ಕಣ್ಣಿಗಾಗಿ ಇಷ್ಟು ವರ್ಷ ಕಾದವಳಿಗೆ ಒಂದೇ ಪ್ರಾಣಿಯ ಮೇಲೆ ಎಂಟು! ಎರೆಹುಳುವಿಗೆ ಕಣ್ಣೇ ಇಲ್ಲ. ಅದನ್ನು ಹಾಗೇ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು.

ಶಾಲೆಗೆ ಕೊಡಲು ಹೋಗುವ ದಿನ ನನ್ನ ಗಂಡನಿಗೆ ಬೇರೆ ಕೆಲಸ ಬಿತ್ತು. ಮಾವನವರು ತಾವೇ ಬರುತ್ತೇನೆಂದು ಟವೆಲು ಹೆಗಲಿಗೆ ಹಾಕಿದರು. ಡಬ್ಬ ಹೊರಲು ಮಾತ್ರ ಬರುತ್ತೇನೆ, ಒಳಗೆ ಬರುವುದಿಲ್ಲ ಎಂದೂ ಹೇಳಿದರು. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ತರಗತಿಯಲ್ಲಿ ಅಕ್ಕೋರು ಪ್ರಾಣಿಗಳನ್ನು ಚಾಪೆಯ ಮೇಲೆ ಸುರಿದರು. ಆರನೆಯ ತರಗತಿಯ ಮಕ್ಕಳು ಮುಗಿಬಿದ್ದರು. ಬೆನ್ನೆಲುಬು ಇದ್ದದ್ದು, ಇಲ್ಲದ್ದು ಎಂದು ಜಗಳವಾಡುತ್ತ ಗುಂಪು ಮಾಡಿದರು. ಹಾಲುಣಿಸುವ ಗುಂಪಿಗೆ ಆಕಳು, ಇಲಿ, ಸಿಂಹ, ಬಾವಲಿ ಎಲ್ಲ ಬಂದವು. ಕೊನೆಗೆ ಒಬ್ಬ ಹುಡುಗಿ ತಾನೇ ಹೋಗಿ ಆ ಗುಂಪಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಎಲ್ಲರೂ ನಕ್ಕರು. ಅಕ್ಕೋರು ಚಪ್ಪಾಳೆ ತಟ್ಟಿದರು.

ಮಾವನವರು ಬಾಗಿಲ ಹೊರಗೆ ನಿಂತು ನೋಡುತ್ತಿದ್ದರು. ಮೆಲ್ಲಗೆ ನನ್ನನ್ನು ಕೇಳಿದರು.

"ಮನುಷ್ಯಾರೂ ಅದ್ರಾಗ ಬರ್ತಾರೇನು?"

"ಹೂಂ ರೀ ಮಾವಾರ. ಇಲಿ, ಬಾವಲಿ, ನಾವು, ನೀವು ಎಲ್ಲಾ ಒಂದ ಗುಂಪು."

ಒಂದು ಮಗು ಹಾವನ್ನು ಹಿಡಿದುಕೊಂಡು ಬಾಗಿಲ ಹತ್ತಿರ ಬಂದಾಗ ಅವರು ಅದನ್ನು ಇಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ನನಗೆ ಆ ಶಾಲೆಯ ಯಾರ ಮಾತೂ ಬೇಕಿರಲಿಲ್ಲ, ಈ ಒಬ್ಬ ಮನುಷ್ಯನ ಮಾತು ಬೇಕಿತ್ತು. ಅವರು ಹಾವನ್ನು ಮಗುವಿಗೆ ವಾಪಸು ಕೊಟ್ಟು, "ಜ್ವಾಕಿ, ಬೀಳಿಸಬ್ಯಾಡ," ಎಂದರು. ಅಷ್ಟೇ. ಬಸ್ಸಿನಲ್ಲಿ ನಿದ್ದೆ ಮಾಡಿದರು.

ಅದಾಗಿ ಆರು ತಿಂಗಳಿಗೆ ಯಲಬುರ್ಗಾ ಕಡೆಯ ಹಳ್ಳಿಯೊಂದರ ಗುಡಿಗೆ ಮೊಳಕಾಲೆತ್ತರದ ಮರದ ಬಸವಣ್ಣ ಬೇಕೆಂದು ಬೇಡಿಕೆ ಬಂತು. ಮಾವನವರು ಅದನ್ನು ಮನಸ್ಸಿಟ್ಟು ಕೆತ್ತಿದರು. ನಾನು ಲೇಪ ಕೊಟ್ಟೆ, ಬಿಳಿ ಹಚ್ಚಿದೆ, ಕೊರಳಿಗೆ ಗೆಜ್ಜೆಸರ ಬರೆದೆ. ಕಣ್ಣು ಬರೆಯುವ ದಿನ ಎಂದಿನಂತೆ ಕುಂಚ, ಕಪ್ಪು ಬಣ್ಣದ ಬಟ್ಟಲು ತೆಗೆದು ಅವರ ಮುಂದಿಟ್ಟು, ನಾನು ಒಲೆಯ ಕಡೆ ಹೊರಟೆ.

"ಯವ್ವಾ, ಬಾ ಇಲ್ಲೆ," ಎಂದರು. "ಒಂದ ಮಾತ ಕೇಳೂದೈತಿ."

ಹೋಗಿ ಕೂತೆ. ಅವರು ಬಸವಣ್ಣನ ಬೆನ್ನ ಮೇಲೆ ಕೈಯಾಡಿಸುತ್ತಿದ್ದರು.

"ಇದು ಯಾವ ಗುಂಪಿನಾಗ ಬರ್ತೈತಿ?"

ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು ಒಪ್ಪಿಸಿದೆ. "ಬೆನ್ನೆಲುಬು ಐತ್ರಿ. ಮೈಮ್ಯಾಲ ಕೂದಲ ಐತಿ. ಮರಿಗೆ ಹಾಲ ಕುಡಸೂ ಜಾತಿ. ಕಾಲಿಗೆ ಸೀಳಿದ ಗೊರಸು, ಮೆಲಕ ಹಾಕ್ತೈತಿ."

"ದೇವರ ಗುಂಪು ಅಂತ ಬ್ಯಾರೆ ಐತೇನು ನಿಮ್ಮ ಪುಸ್ತಕದಾಗ?"

"ಇಲ್ರಿ."

"ಹಂಗಾರ ಇದೂ ಪ್ರಾಣೀನ."

ಹೌದೆಂದರೆ ಬಸವಣ್ಣನಿಗೆ ಅಪಚಾರ, ಇಲ್ಲವೆಂದರೆ ಕಲಿತದ್ದಕ್ಕೆ. ನಾನು ತಲೆ ತಗ್ಗಿಸಿದೆ.

"ಪ್ರಾಣಿಗೋಳ ಕಣ್ಣು ನಿನ್ನ ಕಡಿ ಅಂತ ನಾನ ಹೇಳೀನಿ," ಎಂದರು. "ಆಡಿದ ಮಾತು ತಪ್ಪಾಕ ಬರೂದಿಲ್ಲ."

ಕುಂಚವನ್ನು ತಿರುಗಿಸಿ ಹಿಡಿಕೆಯನ್ನು ನನ್ನ ಕಡೆ ಮಾಡಿದರು. ನಾನು ಅವರ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ, ಸೋತ ಸಂಕಟವೂ ಇರಲಿಲ್ಲ. ಕುಂಚ ತೆಗೆದುಕೊಂಡೆ. ಕಪ್ಪಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ ಮೊನೆ ಮಾಡಿಕೊಂಡೆ. ಅವರು ಅವಸರ ಮಾಡಲಿಲ್ಲ. ಬಸವಣ್ಣನನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಮುಖವನ್ನು ನನ್ನ ಕಡೆ ತಿರುಗಿಸಿ, ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದರು.

ನಾನು ಬಲಗಣ್ಣಿನಿಂದ ಶುರು ಮಾಡಿದೆ.